ಗೂಟಕ್ಕೆ ಹಾಕಿದ ಚಾವಿ

ಕುಲಗೋಡದ ನಮ್ಮ ಮನೆಯ ಪಡಸಾಲೆಯಲ್ಲಿ, ತಲೆಬಾಗಿಲು ದಾಟಿ ಒಳಗೆ ಬಂದರೆ, ಬಲಗೋಡೆಗೆ ಒಂದು ಸಾಗವಾನಿ ಗೂಟವಿದೆ. ಮನೆ ಕಟ್ಟಿಸುವಾಗ ನಮ್ಮ ಮಾವನವರ ತಂದೆ ಹೊಡೆಸಿದ ಗೂಟವದು. ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದೆವು, ಆಮೇಲೆ ಬಣ್ಣ ಬಂತು, ನೆಲದ ಹಾಸುಗಲ್ಲು ಹೋಗಿ ಟೈಲ್ಸ್ ಬಂತು. ಗೂಟ ಮಾತ್ರ ಇದ್ದಲ್ಲೇ ಇದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅದಕ್ಕೆ ಒಂದು ಬಾರುಕೋಲು, ಒಂದು ಸೈಕಲ್ಲಿನ ಚಾವಿ ಜೋತುಬಿದ್ದಿದ್ದವು. ಎರಡು ವರ್ಷದಲ್ಲಿ ಲೂನಾದ ಚಾವಿ ಬಂತು, ಆಮೇಲೆ ಮೋಟಾರ್ ಸೈಕಲ್ಲಿನದು, ಅದಾದ ಮೇಲೆ ಟ್ರ್ಯಾಕ್ಟರಿನದು. ಬಾರುಕೋಲು ಯಾವಾಗ ಹೋಯಿತೋ ಯಾರ ಗಮನಕ್ಕೂ ಬರಲಿಲ್ಲ.

ನಾನು ಸಾಲಿಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮೌರ್ಯರು, ಚಾಲುಕ್ಯರು, 1857 ಎಂದು ವರ್ಷ ವರ್ಷವೂ ಅದೇ ಪಾಠ ಮಾಡುತ್ತ ಬಂದಿದ್ದೇನೆ. ನಮ್ಮ ಮನೆಯ, ನಮ್ಮ ಊರಿನ ಇತಿಹಾಸ ಬರೆಯೆಂದು ಯಾರಾದರೂ ಹೇಳಿದರೆ ಆ ಗೂಟದಿಂದಲೇ ಶುರು ಮಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಯಾರೂ ಹೇಳಲಿಲ್ಲ. ಈಗ ನಾನೇ ಬರೆಯುತ್ತಿದ್ದೇನೆ. ಬರೆಯಲು ಕೂಡಿಸಿದವನು ಒಬ್ಬ ಹುಡುಗ. ಅವನ ಹೆಸರು ಇಲ್ಲಿ ಹೇಳುವುದಿಲ್ಲ.

ಮೊದಲು ಬಾರುಕೋಲಿನ ಕಾಲ. ಕುಲಗೋಡವೆಂದರೆ ಹೊರಗಿನವರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಗೆ ಬಯಲಿನಲ್ಲಿ ಆಡುವ ಆಟದ ರೂಪ ಕೊಟ್ಟು ಊರೂರಿಗೆ ಒಯ್ದವನು 19ನೆಯ ಶತಮಾನದ ನಮ್ಮ ಕುಲಗೋಡ ತಮ್ಮಣ್ಣ. ನೆರೆಯ ಕೌಜಲಗಿಯ ನಿಂಗಮ್ಮ ಆ ಆಟದಲ್ಲಿ ಹೆಸರು ಮಾಡಿದಾಕೆ. ಸುತ್ತಲ ಯಾವ ಊರಲ್ಲಿ ಪಾರಿಜಾತ ಇದ್ದರೂ ನಮ್ಮ ಮಾವನವರ ಮನೆಯ ಚಕ್ಕಡಿ ಹೂಡುತ್ತಿತ್ತಂತೆ. ಚಕ್ಕಡಿಯ ತುಂಬ ಹುಲ್ಲು, ಹುಲ್ಲಿನ ಮೇಲೆ ಕೌದಿ, ಕೌದಿಯ ಮೇಲೆ ಮಕ್ಕಳು, ಮುದುಕರು. ರಾತ್ರಿಯೆಲ್ಲ ಆಟ ನೋಡಿ ಬೆಳ್ಳಿ ಮೂಡುವ ಹೊತ್ತಿಗೆ ತಿರುಗಿ ಹೊರಟರೆ ಐದು ನಿಮಿಷದಲ್ಲಿ ಎಲ್ಲರೂ ಮಲಗಿಬಿಡುತ್ತಿದ್ದರು. ಹೊಡೆಯುವವನೂ ಮಲಗುತ್ತಿದ್ದ. ‘ಎತ್ತಿಗೆ ದಾರಿ ಗೊತ್ತಿತ್ತವ್ವಾ, ನಮಗ ಕಣ್ಣ ತೆರಿಯೂದ್ರಾಗ ಚಕ್ಕಡಿ ಹಿತ್ತಲದಾಗ ನಿಂತಿರ್ತಿತ್ತು’ ಎಂದು ಮಾವನವರು ಹೇಳುತ್ತಿದ್ದರು.

ಆಗ ಹತ್ತು ವರ್ಷದ ಹುಡುಗನ ಕೈಗೆ ಎತ್ತಿನ ಹಗ್ಗ ಕೊಡುತ್ತಿದ್ದರು. ಹನ್ನೆರಡಕ್ಕೆ ಅವನು ಒಬ್ಬನೇ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಗೊಬ್ಬರ ಒಯ್ಯುತ್ತಿದ್ದ. ಹಾಗೆ ಹೋದ ಹುಡುಗನನ್ನು ನೋಡಿ ಊರವರು ‘ಮಗ ಕೈಗೆ ಬಂದ’ ಎನ್ನುತ್ತಿದ್ದರು. ಹುಡುಗನಿಗೆ ಅದಕ್ಕಿಂತ ದೊಡ್ಡ ಪದವಿಯಿರಲಿಲ್ಲ, ತಂದೆಗೆ ಅದಕ್ಕಿಂತ ದೊಡ್ಡ ಸಮಾಧಾನವಿರಲಿಲ್ಲ. ಹುಡುಗ ತಪ್ಪಿದರೆ ಎತ್ತು ತಪ್ಪುತ್ತಿರಲಿಲ್ಲ. ಚಕ್ಕಡಿ ಪಲ್ಟಿಯಾದದ್ದೂ ಉಂಟು, ಗಾಲಿಗೆ ಸಿಕ್ಕು ಕಾಲು ಮುರಿದುಕೊಂಡವರೂ ಉಂಟು. ಆದರೂ ಎತ್ತು ನಡೆದರೆ ಒಂದು ಸೆಕೆಂಡಿಗೆ ಒಂದು ಮೀಟರು. ಅಷ್ಟರಲ್ಲಿ ಹಾರಿ ಇಳಿಯಬಹುದು, ಕೂಗಬಹುದು, ಹಗ್ಗ ಜಗ್ಗಬಹುದು.

ಆಮೇಲೆ ನೀರು ಬಂತು. ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದ್ದು 1897ರಲ್ಲಿ. ಹಿಡಕಲ್ ಅಣೆಕಟ್ಟು ಮುಗಿದದ್ದು 1977ರಲ್ಲಿ. ಕಾಲುವೆ, ಬಾವಿ, ಬೋರು ಎಂದು ನೀರು ಹರಿದ ಹಾಗೆಲ್ಲ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಗೋಕಾಕ, ಮೂಡಲಗಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ಕಬ್ಬಿಗೆ ಬಿಲ್ಲು ಬರುತ್ತದೆ, ಒಂದೇ ಗಂಟಿನಲ್ಲಿ ಬರುತ್ತದೆ. ಜೋಳ ಬೆಳೆದವನು ಚೀಲ ಮಾರಿ ಉಪ್ಪು ಎಣ್ಣೆ ತಂದರೆ, ಕಬ್ಬು ಬೆಳೆದವನು ಬಿಲ್ಲು ತಂದು ಗಾಡಿ ಕೊಂಡ. ನಮ್ಮ ಕಡೆ ಈಗ ಗಾಡಿ ಎಂದರೆ ಮೋಟಾರ್ ಸೈಕಲ್. ಮೊದಲು ಅದೇ ಮಾತು ಚಕ್ಕಡಿಗೂ ನಡೆಯುತ್ತಿತ್ತು. ಹೆಸರು ಒಂದೇ ಆದ್ದರಿಂದ ಎರಡೂ ಒಂದೇ ಬಗೆಯ ವಸ್ತು ಎಂದು ನಾವು ತಿಳಿದೆವೋ ಏನೋ.

ನನ್ನ ಬಾಲ್ಯದಲ್ಲಿ ಇಡೀ ಊರಿಗೆ ಎರಡೋ ಮೂರೋ ಮೋಟಾರ್ ಸೈಕಲ್ಲುಗಳಿದ್ದವು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ ಒಂದು, ರಾಜದೂತ ಒಂದು. ಆ ಸಪ್ಪಳ ಕೇಳಿದರೆ ನಾವು ಮಕ್ಕಳು ಓಣಿಯ ತುದಿಗೆ ಓಡುತ್ತಿದ್ದೆವು. ಅದರ ಚಾವಿ ಯಜಮಾನರ ಅಂಗಿಯ ಜೇಬಿನಲ್ಲಿ ಇರುತ್ತಿತ್ತು, ಮಲಗುವಾಗ ತಲೆದಿಂಬಿನ ಕೆಳಗೆ ಹೋಗುತ್ತಿತ್ತು. ವಸ್ತು ದುಬಾರಿಯಾದ್ದರಿಂದ ಮಕ್ಕಳು ಬದುಕಿದರು ಎಂದು ಈಗ ಅನ್ನಿಸುತ್ತದೆ. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿ.ವಿ.ಎಸ್. 50 ಬಂತು. ಐವತ್ತು ಸಿ.ಸಿ.ಯ ಈ ಸಣ್ಣ ಗಾಡಿಗಳು ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತವು. 1985ರ ಹೊತ್ತಿಗೆ ನೂರು ಸಿ.ಸಿ.ಯ ಹೀರೋ ಹೋಂಡಾ ಬಂತು. 1991ರ ನಂತರ ಕಂಪನಿಗಳೂ ಹೆಚ್ಚಾದವು, ಸಾಲ ಕೊಡುವವರೂ ಹೆಚ್ಚಾದರು. ಎರಡು ಸಾವಿರದ ಇಸವಿ ದಾಟುವುದರಲ್ಲಿ ನಮ್ಮ ಓಣಿಯಲ್ಲಿ ಗಾಡಿ ಇಲ್ಲದ ಮನೆ ಹುಡುಕಬೇಕಾಯಿತು. ಚಾವಿ ದಿಂಬಿನ ಕೆಳಗಿನಿಂದ ಎದ್ದು ಗೂಟಕ್ಕೆ ಬಂತು.

ಕಾನೂನು ಸುಮ್ಮನಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಗಾಡಿ ಹೊಡೆಯಲು ಹದಿನೆಂಟು ತುಂಬಿರಬೇಕು, ಐವತ್ತು ಸಿ.ಸಿ. ಮೀರದ ಗಾಡಿಯಾದರೆ ಹದಿನಾರು ಸಾಕು ಎಂದು ಅದು ಹೇಳಿತು. ಆ ಹದಿನಾರರ ರಿಯಾಯಿತಿ ಇನ್ನೂ ಪುಸ್ತಕದಲ್ಲಿದೆ; ಅಂಥ ಗಾಡಿಗಳು ಮಾತ್ರ ಅಂಗಡಿಯಿಂದ ಹೆಚ್ಚು ಕಡಿಮೆ ಮಾಯವಾಗಿವೆ. ಊರಿನ ಕಾಯ್ದೆಯಂತೂ ಹಳೆಯದೇ ಉಳಿಯಿತು. ಹತ್ತಕ್ಕೆ ಹಗ್ಗ, ಹನ್ನೆರಡಕ್ಕೆ ಚಕ್ಕಡಿ. ಎತ್ತು ಹೋಯಿತು, ವಯಸ್ಸು ಹಾಗೇ ನಿಂತಿತು.

ರಸ್ತೆಯ ಸಾವು ನಮಗೆ ಗೊತ್ತಿರಲಿಲ್ಲವೆಂದಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡಾಗ ನಾನು ಕಾಲೇಜು ಹುಡುಗಿ. ಆತನಿಗಿನ್ನೂ ಮೂವತ್ತೈದು. ಹಾಸ್ಟೆಲಿನಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಟೋದವರು ಇವತ್ತಿಗೂ ಆತನ ಚಿತ್ರ ಹಾಕಿಕೊಳ್ಳುತ್ತಾರೆ. ನಾವು ಅತ್ತೆವು, ವಿಧಿಯನ್ನು ಬೈದೆವು. ರಸ್ತೆಯ ಬಗ್ಗೆ, ವೇಗದ ಬಗ್ಗೆ, ನಿದ್ದೆಗೆಟ್ಟ ಪ್ರಯಾಣದ ಬಗ್ಗೆ ನಮ್ಮಲ್ಲಿ ಒಬ್ಬರೂ ಮಾತಾಡಿದ್ದು ನನಗೆ ನೆನಪಿಲ್ಲ. ಅತ್ತು ಮುಗಿಸುವುದು ನಮಗೆ ಬರುತ್ತದೆ. ಅತ್ತ ಮೇಲೆ ವಿಚಾರಿಸುವುದು ಬರುವುದಿಲ್ಲ.

ಸಾಲಿಯ ಮಾತಿಗೆ ಬರುತ್ತೇನೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಸಾಲಿಯ ಅಂಗಳದಲ್ಲಿ ಸೈಕಲ್ಲುಗಳು ಸಾಲಾಗಿ ನಿಂತದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು. ಅಡವಿಯ ತೋಟದ ಮನೆಗಳಿಂದ ಮೂರು ನಾಲ್ಕು ಕಿಲೋಮೀಟರು ನಡೆದು ಬರುತ್ತಿದ್ದ ಹೆಣ್ಣುಮಕ್ಕಳು ಲಂಗ ಎತ್ತಿ ಕಟ್ಟಿಕೊಂಡು ಬೆಲ್ಲು ಹೊಡೆಯುತ್ತ ಬಂದರು. ಹುಡುಗಿಯರ ಸೈಕಲ್ಲು ಹತ್ತನೆಯ ತರಗತಿಯವರೆಗೂ ಬಾಳಿತು. ಹುಡುಗರ ಸೈಕಲ್ಲು ಒಂಬತ್ತಕ್ಕೇ ಮೂಲೆ ಸೇರಿತು. ಸೈಕಲ್ ಹೊಡೆಯುವ ಗಂಡುಹುಡುಗನನ್ನು ಗೆಳೆಯರು ನಗುತ್ತಿದ್ದರು. ಅವನು ಅಪ್ಪನದೋ ಕಾಕಾನದೋ ಗಾಡಿ ತರುತ್ತಿದ್ದ. ಸಾಲಿಯ ಗೇಟಿನ ತನಕ ತರುತ್ತಿರಲಿಲ್ಲ, ಗುಡಿಯ ಹಿಂದೆ ನಿಲ್ಲಿಸಿ ಸಭ್ಯನ ಹಾಗೆ ನಡೆದು ಬರುತ್ತಿದ್ದ. ನಮಗೆ, ಶಿಕ್ಷಕರಿಗೆ, ಗೊತ್ತಿತ್ತು. ಗುಡಿಯ ಹಿಂದೆ ಎಷ್ಟು ಗಾಡಿ ನಿಂತಿವೆ ಎಂದು ಹಾಜರಿಯಷ್ಟೇ ಚೆನ್ನಾಗಿ ಗೊತ್ತಿತ್ತು.

ಅದು 2012ರ ಜನವರಿ 26. ಧ್ವಜಾರೋಹಣಕ್ಕೆ ಇನ್ನು ಅರ್ಧ ತಾಸು. ಬುಂದೆ ಲಾಡು ಹೇಳಿದ್ದು ಬೇರೆ ಊರಿನ ಅಂಗಡಿಯಲ್ಲಿ, ತರಬೇಕಾದವರು ಬಂದಿಲ್ಲ. ಮುಖ್ಯಾಧ್ಯಾಪಕರು ಗಡಿಯಾರ ನೋಡುತ್ತಿದ್ದಾರೆ, ಅತಿಥಿಗಳು ಬಂದು ಕುಳಿತಿದ್ದಾರೆ. ನಾನು ಹತ್ತನೆಯ ತರಗತಿಯ ಹುಡುಗರ ಕಡೆ ತಿರುಗಿ, ‘ಯಾರ ಹಂತ್ಯಾಕ ಗಾಡಿ ಐತೋ?’ ಎಂದೆ. ನಾಲ್ಕು ಕೈ ಮೇಲೆದ್ದವು. ಒಬ್ಬನನ್ನು ಆರಿಸಿದೆ. ಎತ್ತರದ ಹುಡುಗ, ಓದಿನಲ್ಲಿ ನಡುವಿನವನು, ಹೇಳಿದ ಕೆಲಸಕ್ಕೆ ಎಂದೂ ಇಲ್ಲ ಎನ್ನದವನು. ‘ಲಗೂನ ಬಾ’ ಎಂದು ಬೇರೆ ಹೇಳಿದೆ. ಇಪ್ಪತ್ತು ನಿಮಿಷದಲ್ಲಿ ಲಾಡಿನ ಡಬ್ಬಿ ಟ್ಯಾಂಕಿನ ಮೇಲಿಟ್ಟುಕೊಂಡು ಬಂದ. ಎಲ್ಲರೆದುರು ಬೆನ್ನು ಚಪ್ಪರಿಸಿದೆ. ಅವನಿಗೆ ಆಗ ಹದಿನಾರು.

ಫೆಬ್ರುವರಿಯ ಎರಡನೆಯ ವಾರ. ಕಬ್ಬಿನ ಹಂಗಾಮು ಜೋರಾಗಿತ್ತು. ಆ ದಿನಗಳಲ್ಲಿ ನಮ್ಮ ಕಡೆಯ ರಸ್ತೆ ಹೇಗಿರುತ್ತದೆ ಎಂದು ನೋಡಿದವರಿಗೇ ಗೊತ್ತು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಟ್ರೇಲರಿನ ಎರಡೂ ಬದಿಗೆ ಹೊರಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿ ಇದ್ದರೂ ಕಬ್ಬಿನ ಸೋಗೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಅಂಥ ಒಂದು ಟ್ರೇಲರು ಪಂಕ್ಚರಾಗಿ ತಿರುವಿನಲ್ಲಿ ನಿಂತಿತ್ತು. ಗಾಲಿಗೆ ಕಲ್ಲು ಕೊಟ್ಟು ಡ್ರೈವರು ಟ್ಯೂಬು ಹಿಡಿದುಕೊಂಡು ಊರಿಗೆ ಹೋಗಿದ್ದ. ದೀಪ ಹಚ್ಚುವ ಹೊತ್ತು. ಹುಡುಗ ಹೊಲದಲ್ಲಿ ನೀರು ಕಟ್ಟುತ್ತಿದ್ದ ಅಪ್ಪನಿಗೆ ಬುತ್ತಿ ಕೊಟ್ಟು ತಿರುಗಿ ಬರುತ್ತಿದ್ದ. ಎದುರಿನಿಂದ ಬಂದ ಇನ್ನೊಂದು ಟ್ರ್ಯಾಕ್ಟರಿನ ಬೆಳಕು ಕಣ್ಣಿಗೆ ಹೊಡೆದಿರಬೇಕು. ಬೆಳಕು ದಾಟಿದ ಮೇಲಿನ ಕತ್ತಲೆಯಲ್ಲಿ ಟ್ರೇಲರು ನಿಂತಿತ್ತು. ಎರಡು ಮೂರು ಗಾಡಿಗಳು ನೋಡಿಯೂ ನಿಲ್ಲದೆ ಹೋದವಂತೆ. ಮುಟ್ಟಿದರೆ ಪೊಲೀಸು, ಸಾಕ್ಷಿ, ಕೋರ್ಟು ಎಂಬ ಭಯ. 108ಕ್ಕೆ ಫೋನು ಮಾಡಿದವರು ಕಬ್ಬು ಕಡಿಯಲು ಬಂದಿದ್ದ ಪರಊರಿನ ಗ್ಯಾಂಗಿನವರು. ಅಂಬ್ಯುಲೆನ್ಸು ಬಂತು. ಹುಡುಗ ಅದರೊಳಗೇ ಹೋದ.

ಮಣ್ಣು ಮುಗಿಸಿ ಬಂದ ಮೇಲೆ ಕಟ್ಟೆಯ ಮೇಲೆ ಮಾತು ನಡೆಯಿತು. ಅಮಾಸಿ ಹತ್ತಿರವಿತ್ತು ಎಂದರು. ಆ ತಿರುವಿನಲ್ಲಿ ಏನೋ ಐತಿ, ಹಿಂದೆಯೂ ಇಬ್ಬರು ಹೋಗಿದ್ದಾರೆ ಎಂದರು. ಅಲ್ಲಿ ಕುಂಬಳಕಾಯಿ ಒಡೆದರು, ನಿಂಬೆಹಣ್ಣು ಕಟ್ಟಿದರು. ಹಣೆಬರಹಕ್ಕೆ ಹೊಣೆ ಯಾರು ಎಂದರು. ಟ್ರೇಲರಿನ ಡ್ರೈವರನನ್ನು ಬೈದವರೂ ಇದ್ದರು. ಗೂಟದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಐದನೆಯ ದಿನ ನಾನು ಅವರ ಮನೆಗೆ ಹೋದೆ. ಹುಡುಗನ ತಾಯಿ ಗೋಡೆಗೆ ಆನಿಸಿ ಕುಳಿತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಅವಳು ಹೇಳಿದ್ದು ನೆನಪಿದೆ. ‘ಅಕ್ಕೋರ, ಝಂಡಾದ ದಿನ ಅವಾ ಭಾಳ ಖುಷಿಲೆ ಬಂದಿದ್ದ್ರಿ. ಎಷ್ಟು ಮಂದಿ ಇದ್ರೂ ಅಕ್ಕೋರು ನನ್ನ ಕಳಸಿದ್ರವ್ವಾ, ನಾ ಗಾಡಿ ಚೊಲೋ ಹೊಡಿತೀನಂತ ಅವರಿಗೂ ಗೊತ್ತೈತಿ ಅಂದಾ. ಅವರಪ್ಪ ಅಲ್ಲೀತನಾ ರಾತ್ರಿ ಹೊತ್ತು ಚಾವಿ ಕೊಡತಿದ್ದಿಲ್ರಿ.’

ಅವಳು ಅದನ್ನು ದೂರಾಗಿ ಹೇಳಲಿಲ್ಲ. ಮಗನಿಗೆ ಅಕ್ಕೋರು ಕೊಟ್ಟ ಮರ್ಯಾದೆಯನ್ನು ನೆನೆಸಿಕೊಂಡು ಹೇಳಿದಳು. ಚಹಾ ಮಾಡಲೆಂದು ಒಳಗೂ ಹೋದಳು. ನಾನು ಆ ಚಹಾ ಕುಡಿದೆ. ಅಂಥ ಚಹಾ ಇನ್ನೊಮ್ಮೆ ಕುಡಿಯುವ ಶಕ್ತಿ ನನಗಿಲ್ಲ.

ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿಯ ಹಾಲ್ ಟಿಕೆಟ್ಟುಗಳು ಬಂದವು. ಅವನದೂ ಬಂತು. ಎಣ್ಣೆ ಹಚ್ಚಿ ಬಾಚಿದ ತಲೆ, ಎರವಲು ತಂದ ಅಂಗಿ, ಕ್ಯಾಮೆರಾಕ್ಕೆ ಹೆದರಿ ಬಿಗಿದ ತುಟಿ. ಹಂಚುವಾಗ ನಾನು ಅದನ್ನು ತೆಗೆದು ಕೆಳಗೆ ಇಟ್ಟೆ. ಅದೇ ವಾರ ತರಗತಿಯಲ್ಲಿ 1857ರ ಪಾಠದ ಪುನರಾವರ್ತನೆ ನಡೆದಿತ್ತು. ನಾಲ್ಕು ಅಂಕದ ಪ್ರಶ್ನೆ, ಕಾರಣಗಳನ್ನು ತಿಳಿಸಿ. ‘ತಕ್ಷಣದ ಕಾರಣ ಯಾವುದು?’ ಎಂದು ಕೇಳಿದೆ. ಕೊಬ್ಬು ಸವರಿದ ಕಾಡತೂಸು ಎಂದು ಇಡೀ ತರಗತಿ ಒಂದೇ ಧ್ವನಿಯಲ್ಲಿ ಹೇಳಿತು. ‘ಅದೊಂದರಿಂದಲೇ ದಂಗೆಯಾಯಿತೇನು?’ ಎಂದೆ. ಇಲ್ಲ, ರಾಜಕೀಯ ಕಾರಣ, ಆರ್ಥಿಕ ಕಾರಣ, ಸೈನಿಕ ಕಾರಣ ಎಂದು ಶುರುವಾಯಿತು. ನಮ್ಮ ನೆರೆಯ ಹಲಗಲಿಯ ಬೇಡರು ಅದೇ ವರ್ಷ ಬಂಡೆದ್ದದ್ದು ಹತಾರ ಒಪ್ಪಿಸಬೇಕೆಂಬ ಕಾಯ್ದೆಯ ಮೇಲೆ ಎಂದು ನಾನು ಸೇರಿಸಿದೆ. ಗಂಡಸಿನ ಮಾನವೆಂದು ತಿಳಿದದ್ದನ್ನು ಕೈಯಿಂದ ಕಸಿಯಲು ಹೋದರೆ ಏನಾಗುತ್ತದೆ ಎಂದು ವಿವರಿಸುತ್ತಿದ್ದವಳಿಗೆ ಮೂರನೆಯ ಬೆಂಚಿನ ಖಾಲಿ ಜಾಗ ಕಂಡಿತು. ಪಾಠ ಅಲ್ಲಿಗೇ ನಿಂತಿತು.

ಇಷ್ಟು ವರ್ಷ ತಕ್ಷಣದ ಕಾರಣ ಬೇರೆ, ದೂರದ ಕಾರಣ ಬೇರೆ ಎಂದು ಕಲಿಸಿದವಳು ನಾನು. ನನ್ನ ಊರಿನ ಒಂದು ಸಾವಿನ ಮುಂದೆ ಮಾತ್ರ ಕಾಡತೂಸಿನ ಹತ್ತಿರವೇ ನಿಂತುಬಿಟ್ಟಿದ್ದೆ. ಆ ರಾತ್ರಿ ಒಂದು ಹಾಳೆಯಲ್ಲಿ ಬರೆದೆ. ತಕ್ಷಣದ ಕಾರಣ: ದೀಪವಿಲ್ಲದ ಟ್ರೇಲರು. ದೂರದ ಕಾರಣಗಳು: ತಲೆಗೆ ಹೆಲ್ಮೆಟ್ಟಿಲ್ಲ. ಹೊತ್ತು ಮುಳುಗಿದ ಮೇಲೆ ಬುತ್ತಿ ಒಯ್ಯಲು ಕಳಿಸಿದ್ದು. ನಿಲ್ಲದೆ ಹೋದ ಗಾಡಿಗಳು. ಗುಡಿಯ ಹಿಂದಿನ ಗಾಡಿಗಳನ್ನು ಎಣಿಸಿಯೂ ಸುಮ್ಮನಿದ್ದ ಸಾಲಿ. ಗೂಟಕ್ಕೆ ಹಾಕಿದ ಚಾವಿ. ಕೊನೆಯಲ್ಲಿ, ‘ಯಾರ ಹಂತ್ಯಾಕ ಗಾಡಿ ಐತೋ?’ ಎಂದು ಕೇಳಿದ ಅಕ್ಕೋರು. ಗಣಿತದ ಮಾಸ್ತರರು ಮರುದಿನ ನನಗೊಂದು ಲೆಕ್ಕ ಮಾಡಿ ತೋರಿಸಿದರು. ತಾಸಿಗೆ ಅರವತ್ತು ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರು ಹೋಗುತ್ತದೆ. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವುದಕ್ಕೇ ಒಂದು ಸೆಕೆಂಡು ಬೇಕು. ನಮ್ಮ ಮಾವನವರ ಎತ್ತಿಗೆ ಅಷ್ಟು ದೂರ ನಡೆಯಲು ಹದಿನೇಳು ಸೆಕೆಂಡು ಹಿಡಿಯುತ್ತಿತ್ತು. ನಾವು ಹುಡುಗನ ಕೈಗೆ ಹಗ್ಗ ಕೊಟ್ಟ ಹಾಗೆಯೇ ಚಾವಿ ಕೊಟ್ಟೆವು, ಎತ್ತಿನ ಬುದ್ಧಿಯನ್ನು ಮಾತ್ರ ಜೊತೆಗೆ ಕೊಡಲಾಗಲಿಲ್ಲ.

ಕೆಲ ವರ್ಷಗಳ ಮೇಲೆ, ನೆದರ್‌ಲೆಂಡ್ಸ್ ದೇಶದ ಒಬ್ಬ ತಂದೆಯ ವಿಷಯ ಓದಿದೆ. ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತ. 1971ರಲ್ಲಿ ಆತನ ಆರು ವರ್ಷದ ಮಗಳು ಸಾಲಿಗೆ ಹೋಗುವ ದಾರಿಯಲ್ಲಿ ಕಾರಿಗೆ ಸಿಕ್ಕು ಸತ್ತಳು. ಆ ಒಂದೇ ವರ್ಷ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮರುವರ್ಷ ಆತ ತನ್ನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ತಲೆಬರಹ, ಮಕ್ಕಳ ಕೊಲೆ ನಿಲ್ಲಿಸಿ ಎಂಬ ಅರ್ಥದ್ದು. ಅದನ್ನು ಓದಿದ ತಂದೆ ತಾಯಿಗಳು ಬೀದಿಗಿಳಿದರು, ರಸ್ತೆಯಲ್ಲಿ ಕುಳಿತರು. ಮಕ್ಕಳು ಆಡುವ ಓಣಿಗಳಲ್ಲಿ ವೇಗ ತಗ್ಗಿಸುವ ಏರ್ಪಾಡುಗಳು, ಸೈಕಲ್ಲಿಗೆ ಬೇರೆ ದಾರಿಗಳು ಬರಲು ಆ ಚಳವಳಿಯೂ ಒಂದು ಕಾರಣವಾಯಿತು. ಒಬ್ಬ ತಂದೆ ಮಗಳ ಸಾವನ್ನು ಕೊಲೆ ಎಂದು ಕರೆದ. ನಾವು ಅದಕ್ಕೆ ಅಮಾಸಿ ಎನ್ನುತ್ತೇವೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ನಮ್ಮಲ್ಲಿಯ ಲೆಕ್ಕವೇನು ಕಡಿಮೆಯೇ? ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಹದಿನೆಂಟು ತುಂಬದವರು 9,528. ಅವರಲ್ಲಿ ಗಾಡಿ ಹೊಡೆದವರೂ ಇದ್ದಾರೆ, ಹಿಂದೆ ಕುಳಿತವರೂ ಇದ್ದಾರೆ, ರಸ್ತೆ ದಾಟುತ್ತಿದ್ದವರೂ ಇದ್ದಾರೆ. ದಿನಕ್ಕೆ ಇಪ್ಪತ್ತಾರು ಮಕ್ಕಳು. ದಿನಕ್ಕೊಂದು ಸಣ್ಣ ತರಗತಿ. ಹೆಲ್ಮೆಟ್ ಇಲ್ಲದೆ ಸತ್ತವರು 50,029.

ಕಾನೂನು ಮತ್ತೆ ಬಿಗಿಯಾಯಿತು. ಅಪಘಾತದಲ್ಲಿ ಬಿದ್ದವರನ್ನು ಎತ್ತಿದವರಿಗೆ ಪೊಲೀಸರು ಕಾಟ ಕೊಡಕೂಡದೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಹದಿನೆಂಟು ತುಂಬದವನು ಗಾಡಿ ಹೊಡೆದು ಅಪರಾಧ ಮಾಡಿದರೆ ಪಾಲಕನೋ ಗಾಡಿಯ ಮಾಲಿಕನೋ ತಪ್ಪಿತಸ್ಥ; 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದರವರೆಗೆ ಲೈಸೆನ್ಸಿಲ್ಲ. ದೂರದ ಕಾರಣವನ್ನು ಕಾನೂನು ಕೊನೆಗೆ ಒಪ್ಪಿಕೊಂಡಿತು ಎಂದು ನನಗೆ ಸಮಾಧಾನವಾಯಿತು. ಆದರೆ 2024ರ ಮೇ 19ರಂದು ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ನಡುರಾತ್ರಿ ಕಾರು ಗುದ್ದಿಸಿ ಇಬ್ಬರು ಎಂಜಿನಿಯರುಗಳು ಸತ್ತರಲ್ಲ, ಆಗ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಡುವಾಗ ಹಾಕಿದ ಷರತ್ತುಗಳಲ್ಲಿ ಒಂದು, ಅಪಘಾತದ ಬಗ್ಗೆ ಮುನ್ನೂರು ಪದಗಳ ಪ್ರಬಂಧ. ದೇಶಕ್ಕೆ ದೇಶವೇ ಸಿಟ್ಟಿಗೆದ್ದಿತು, ಆದೇಶ ಬದಲಾಯಿತು, ತಂದೆಯ ಬಂಧನವೂ ಆಯಿತು. ಪ್ರಬಂಧ ಬರೆಸುವುದೇ ಕಸುಬಾದ ನನಗೆ ಆ ಸುದ್ದಿ ಓದಿ ಬೇರೆಯೇ ಒಂದು ಯೋಚನೆ ಬಂತು. ಹುಡುಗನಿಗೆ ಬರೆಯಲು ಹೇಳಿದಿರಿ, ಸರಿ. ಚಾವಿ ಕೊಟ್ಟವರು ಎಷ್ಟು ಪದ ಬರೆಯಬೇಕು? ಈಗ ನಾನು ಬರೆಯುತ್ತಿರುವುದು ನನ್ನ ಪಾಲಿನದು. ಮುನ್ನೂರು ದಾಟಿ ಬಹಳ ಹೊತ್ತಾಯಿತು.

ನನ್ನ ಮಗನ ಮಾತು ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಆ ಹುಡುಗ ಸತ್ತಾಗ ಇವನಿಗೂ ಹದಿನೇಳು ತುಂಬಿರಲಿಲ್ಲ. ಪಿಯುಸಿಗೆ ಮೂಡಲಗಿಗೆ ಹೋಗುತ್ತಿದ್ದ. ಹದಿನಾಲ್ಕಕ್ಕೇ ಅವರಪ್ಪ ಹೊಲದಲ್ಲಿ ಗಾಡಿ ಕಲಿಸಿದ್ದರು, ನಾನು ಬದುವಿನ ಮೇಲೆ ನಿಂತು ನೋಡಿ ಹಿಗ್ಗಿದ್ದೆ. ಆ ತಾಯಿಯ ಮನೆಯಿಂದ ಬಂದ ದಿನ ಗೂಟದಿಂದ ಚಾವಿ ತೆಗೆದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಮನೆಯಲ್ಲಿ ದೊಡ್ಡ ಜಗಳವಾಯಿತು. ‘ಎಲ್ಲಾರ ಮನ್ಯಾಗೂ ಕೊಡತಾರ, ನೀ ಒಬ್ಬಾಕೇ ಶಾಣ್ಯಾಕಿ ಏನವ್ವಾ?’ ಎಂದ ಮಗ. ‘ಹೌದಪಾ, ಇವತ್ತಿನಿಂದ ಶಾಣ್ಯಾಕಿ ಆಗೇನಿ’ ಎಂದೆ. ಒಂಬತ್ತು ದಿನ ನನ್ನ ಜೊತೆ ಮಾತು ಬಿಟ್ಟ. ಯಜಮಾನರೂ ಮುಖ ಊದಿಸಿಕೊಂಡಿದ್ದರು. ಹಾಲಿಗೆ, ಕಿರಾಣಿಗೆ, ಹೊಲಕ್ಕೆ, ಪ್ರತಿಯೊಂದಕ್ಕೂ ತೊಂದರೆಯಾಯಿತು. ಮಗನ ಕಾಲಿಲ್ಲದಿದ್ದರೆ ನಮ್ಮ ಸಂಸಾರ ಎಷ್ಟು ಕುಂಟುತ್ತದೆ ಎಂದು ಆಗ ಗೊತ್ತಾಯಿತು. ಹುಡುಗರು ಮೋಜಿಗಾಗಿ ಗಾಡಿ ಹೊಡೆಯುತ್ತಾರೆಂದು ನಾವು ಬೈಯುತ್ತೇವೆ. ಬುತ್ತಿ, ಔಷಧ, ಪಂಪಿನ ಸ್ಟಾರ್ಟರು, ಅತಿಥಿಗಳಿಗೆ ಲಾಡು ಎಂದು ಅವರನ್ನು ಓಡಿಸುವವರು ನಾವೇ. ಮೋಜಿಗೆ ಹೋದವನನ್ನು ಬೈಯಬಹುದು, ಕೆಲಸಕ್ಕೆ ಹೋದವನ ಬಗ್ಗೆ ಏನು ಹೇಳುವುದು?

ಹದಿನೆಂಟು ತುಂಬಿದ ಮೇಲೆ ಮಗ ಗೋಕಾಕಕ್ಕೆ ಹೋಗಿ ಲೈಸೆನ್ಸು ಮಾಡಿಸಿಕೊಂಡು ಬಂದ. ಟ್ರಂಕಿನ ಕೀಲಿ ತೆಗೆದು ಚಾವಿ ಅವನ ಕೈಯಲ್ಲಿಟ್ಟೆ, ಜೊತೆಗೆ ಒಂದು ಹೆಲ್ಮೆಟ್ಟು. ಚಾವಿ ತೆಗೆದುಕೊಂಡ, ಹೆಲ್ಮೆಟ್ಟು ನೋಡಿ ನಕ್ಕ. ಆದರೂ ಹಾಕಿಕೊಂಡ. ಅದು ನನ್ನ ಗೆಲುವೆಂದು ನಾನು ಹೇಳಿಕೊಳ್ಳುವುದಿಲ್ಲ. ನಮ್ಮ ಓಣಿಯಲ್ಲಿ ಇವತ್ತಿಗೂ ಹದಿನೈದರ ಹುಡುಗರು ಮೂವರು ಮೂವರಾಗಿ ಹೋಗುತ್ತಾರೆ. ಹಂಗಾಮು ಬಂದರೆ ದೀಪವಿಲ್ಲದ ಟ್ರೇಲರುಗಳು ಇವತ್ತಿಗೂ ತಿರುವಿನಲ್ಲಿ ನಿಲ್ಲುತ್ತವೆ. ಪಾಲಕರ ಸಭೆಯಲ್ಲಿ 25,000 ರೂಪಾಯಿಯ ಮಾತು ತೆಗೆದರೆ ಗಂಡಸರು ನಗುತ್ತಾರೆ, ಹೆಂಗಸರು ನೆಲ ನೋಡುತ್ತಾರೆ. ಸಭೆ ಮುಗಿದ ಮೇಲೆ ಒಬ್ಬಿಬ್ಬರು ತಾಯಂದಿರು ಹತ್ತಿರ ಬಂದು, ‘ಅಕ್ಕೋರ, ನೀವಽ ನಮ್ಮ ಮನಿಯವರಿಗೆ ಹೇಳ್ರಿ’ ಎನ್ನುತ್ತಾರೆ. ನಾನು ಹೋಗಿ ಹೇಳುತ್ತೇನೆ. ಹತ್ತು ಮನೆಯಲ್ಲಿ ಒಂದು ಮನೆಯವರು ಕೇಳಿದರೆ ಒಂದು ಗೂಟ ಖಾಲಿಯಾದ ಹಾಗೆ.

ಈಗ ಮೊಮ್ಮಗನಿದ್ದಾನೆ, ನಾಲ್ಕು ವರ್ಷದವನು. ಅಪ್ಪನ ಗಾಡಿಯ ಟ್ಯಾಂಕಿನ ಮೇಲೆ ಕೂಡಿಸು ಎಂದು ಹಟ ಮಾಡುತ್ತಾನೆ, ಅಂಗಳದಲ್ಲಿ ನಿಂತ ಗಾಡಿಯ ಹಾರ್ನು ಒತ್ತುತ್ತಾನೆ. ಮೊನ್ನೆ ಸ್ಟೂಲು ಹಾಕಿಕೊಂಡು ಗೂಟಕ್ಕೆ ಕೈ ಚಾಚುತ್ತಿದ್ದ. ಅದಕ್ಕೆ ಈಗ ನನ್ನ ಕೊಡೆಯನ್ನೂ ಅವನ ಸಾಲಿಯ ಚೀಲವನ್ನೂ ಹಾಕಿದ್ದೇವೆ. ‘ಚಾವಿ ಎಲ್ಲೈತಿ ಆಯೀ?’ ಎಂದ. ‘ನಿನ್ನ ಕೈಗೆ ಬರೂದಕ್ಕ ಇನ್ನಾ ಹದಿನಾಕು ವರ್ಷ ಐತಿ’ ಎಂದೆ. ಬೆರಳು ಮಡಚಿ ಎಣಿಸಲು ಕುಳಿತ. ಹತ್ತು ಬೆರಳು ಸಾಲಲಿಲ್ಲ.

ಸಾಲಿಯಲ್ಲಿ ಜನವರಿ 26 ವರ್ಷ ವರ್ಷವೂ ಬರುತ್ತದೆ. ಲಾಡಿನ ಹೊಣೆಯನ್ನು ಅಂದಿನಿಂದ ನಾನೇ ಹೊತ್ತಿದ್ದೇನೆ. ಹಿಂದಿನ ದಿನ ಸಾಲಿ ಬಿಟ್ಟ ಮೇಲೆ ಬಸ್ಸಿಗೆ ಹೋಗಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ. ಆ ತಿರುವು ಬಂದಾಗ ಬಸ್ಸು ನಿಧಾನವಾಗುತ್ತದೆ. ನಾನು ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತೇನೆ.